ಭದ್ರೆಯ ದಡದಲ್ಲಿ ಒಂದು ರಾತ್ರಿ: ಹೊರಡುವ ಮೊದಲು ಮನೆಯಲ್ಲೇ ಆಗಬೇಕಾದ ಸಿದ್ಧತೆ

ಶಿವಮೊಗ್ಗ ಮತ್ತು ಭದ್ರಾವತಿಯ ಕುಟುಂಬಗಳಿಗೆ ಕಾಡು, ನೀರು ಎರಡೂ ಹತ್ತಿರವೇ ಇವೆ. ಒಂದು ಕಡೆ ಗಾಜನೂರಿನ ತುಂಗಾ ಅಣೆಕಟ್ಟು ಮತ್ತು ಅದರ ಹಿನ್ನೀರಿನಲ್ಲಿರುವ ಸಕ್ರೆಬೈಲಿನ ಆನೆ ಬಿಡಾರ. ಇನ್ನೊಂದು ಕಡೆ ಭದ್ರಾವತಿಯಿಂದ ಸುಮಾರು 20 ಕಿ.ಮೀ. ದೂರದ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ, ಅದರ ಬೆನ್ನಿಗೇ ಭದ್ರಾ ಅಭಯಾರಣ್ಯ. ಈದ್ ಮರುದಿನ ಬಿರಿಯಾನಿ ಕಟ್ಟಿಕೊಂಡು ಹೋಗಿ ಸಂಜೆ ಮರಳುವುದು ನಮ್ಮಲ್ಲಿ ಹಳೆಯ ರೂಢಿ. ಈಗ ಒಂದೆರಡು ರಾತ್ರಿ ಅಲ್ಲೇ ತಂಗಬೇಕು, ಮಕ್ಕಳಿಗೆ ಕಾಡು ತೋರಿಸಬೇಕು ಎಂದು ಬಯಸುವ ಕುಟುಂಬಗಳೂ ಇವೆ. ಇದು ಒಳ್ಳೆಯ ಬಯಕೆ. ದಿನವಿಡೀ ಮೊಬೈಲ್ ನೋಡುವ ಮಕ್ಕಳಿಗೆ ನಡಿಗೆ, ಶುದ್ಧ ಗಾಳಿ, ಬೇಗ ಮಲಗಿ ಬೇಗ ಏಳುವ ಎರಡು ದಿನಗಳು ಖಂಡಿತ ಒಳ್ಳೆಯದು ಮಾಡುತ್ತವೆ.

ಆದರೆ ಮಲೆನಾಡಿನ ಕೆರೆ ದಡ ಊರಿನ ಉದ್ಯಾನವನದಂತಲ್ಲ. ಇಲ್ಲಿನ ಅಪಾಯಗಳಲ್ಲಿ ಬಹುಪಾಲು ಕಣ್ಣಿಗೆ ಕಾಣುವುದಿಲ್ಲ. ಒಳ್ಳೆಯ ವಿಷಯವೆಂದರೆ, ಅವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲಿ ಕೂತು ಯೋಜನೆ ಮಾಡುವಾಗಲೇ ತಪ್ಪಿಸಬಹುದು. ಎಲ್ಲಕ್ಕಿಂತ ಮುಖ್ಯವಾದ ತೀರ್ಮಾನ ಎರಡು: ಎಲ್ಲಿ ತಂಗುವುದು, ಯಾವ ತಿಂಗಳಲ್ಲಿ ಹೋಗುವುದು.

ಎಲ್ಲಿ ತಂಗುವುದು?

ಸಿಕ್ಕ ಜಾಗದಲ್ಲಿ ಟೆಂಟ್ ಹಾಕುವುದು ಇಲ್ಲಿ ಸಾಧ್ಯವಿಲ್ಲ. ಭದ್ರಾ ಅಭಯಾರಣ್ಯ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅನುಮತಿ ಇಲ್ಲದೆ ಒಳಗೆ ಹೋಗುವುದು, ತಂಗುವುದು, ಬೆಂಕಿ ಹಾಕುವುದು ಕಾನೂನಿನ ಪ್ರಕಾರ ಅಪರಾಧ. ಇದು ಪ್ರಾಣಿಗಳಿಗಾಗಿ ಮಾತ್ರ ಇರುವ ನಿಯಮವಲ್ಲ. ಆನೆ, ಕಾಟಿ, ಚಿರತೆ ರಾತ್ರಿ ನೀರು ಕುಡಿಯಲು ಬರುವುದು ನೀವು ಟೆಂಟ್ ಹಾಕಬಯಸುವ ಅದೇ ದಡಕ್ಕೆ.

ಹಾಗಾಗಿ ಅಧಿಕೃತ ತಂಗುದಾಣವನ್ನೇ ಆರಿಸಿಕೊಳ್ಳಿ. ಲಕ್ಕವಳ್ಳಿಯ ಹಿನ್ನೀರಿನ ದಡದಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ಲಾಡ್ಜ್ ಇದೆ. ಚಿಕ್ಕಮಗಳೂರು ಕಡೆಯ ಮುತ್ತೋಡಿಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಖಾಸಗಿ ತೋಟಗಳಲ್ಲಿಯೂ ಟೆಂಟ್ ವ್ಯವಸ್ಥೆ ಮಾಡುವವರಿದ್ದಾರೆ. ಬುಕ್ ಮಾಡುವ ಮೊದಲು ಫೋನಿನಲ್ಲಿ ಈ ಪ್ರಶ್ನೆಗಳನ್ನು ಕೇಳಿ: ಶೌಚಾಲಯ ಎಷ್ಟು, ಮಹಿಳೆಯರಿಗೆ ಪ್ರತ್ಯೇಕವೇ, ಒಳಗೆ ನೀರು ಇದೆಯೇ? ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಟೆಂಟ್‌ಗೂ ನೀರಿಗೂ ಎಷ್ಟು ದೂರ, ನಡುವೆ ಬೇಲಿ ಇದೆಯೇ? ರಾತ್ರಿ ವಾಹನ ಸಿಗುತ್ತದೆಯೇ, ಮೊಬೈಲ್ ಸಿಗ್ನಲ್ ಇದೆಯೇ? ಮಾಂಸ ಹಲಾಲ್ ಅಲ್ಲದಿದ್ದರೆ ಸಸ್ಯಾಹಾರ, ಮೊಟ್ಟೆ ಸಿದ್ಧಪಡಿಸಬಹುದೇ? ಇವುಗಳಿಗೆ ಸ್ಪಷ್ಟ ಉತ್ತರ ಕೊಡಲಾಗದ ಜಾಗಕ್ಕೆ ಪುಟ್ಟ ಮಕ್ಕಳನ್ನೂ ವೃದ್ಧರನ್ನೂ ಕರೆದೊಯ್ಯಬೇಡಿ.

ಯಾವ ತಿಂಗಳು?

ಹೆಚ್ಚಿನ ಕುಟುಂಬಗಳು ಏಪ್ರಿಲ್, ಮೇ ತಿಂಗಳ ಶಾಲಾ ರಜೆಯಲ್ಲಿ ಹೊರಡುತ್ತವೆ. ಆಗ ಭದ್ರಾ ಜಲಾಶಯದ ನೀರು ಇಳಿದು ನಡುಗಡ್ಡೆಗಳು ತೇಲುತ್ತವೆ, ಅವುಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಗೂಡು ಕಟ್ಟುತ್ತವೆ. ನೋಡಲು ಸೊಗಸಾದ ಕಾಲ. ಆದರೆ ಅದೇ ಕಾಲ ಮಂಗನ ಕಾಯಿಲೆಯದ್ದೂ ಹೌದು.

ಈ ರೋಗವನ್ನು ಜಗತ್ತಿನಲ್ಲಿ ಮೊದಲು ಗುರುತಿಸಿದ್ದು ನಮ್ಮ ಜಿಲ್ಲೆಯಲ್ಲೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗರಿಗೆ ತೀವ್ರ ಜ್ವರ ಬಂತು. ಅದಕ್ಕೇ ವೈದ್ಯರು ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತಾರೆ. ಅಲ್ಲಿಂದೀಚೆಗೆ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ನರಸಿಂಹರಾಜಪುರ ತಾಲೂಕುಗಳಲ್ಲೂ ಅದು ಕಾಣಿಸಿಕೊಂಡಿದೆ. ಭದ್ರಾ ಹಿನ್ನೀರು ಹರಡಿರುವುದು ಇದೇ ನರಸಿಂಹರಾಜಪುರದವರೆಗೆ. 2018ರ ಕೊನೆ ಮತ್ತು 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತ ಹಲವರು ಇದರಿಂದ ಪ್ರಾಣ ಕಳೆದುಕೊಂಡರು.

ರೋಗವನ್ನು ಮನುಷ್ಯರಿಗೆ ತರುವುದು ಮಂಗವಲ್ಲ, ಉಣುಗು. ಕೆಲವರು ಇದನ್ನು ಉಣ್ಣೆ ಎನ್ನುತ್ತಾರೆ. ಮಳೆಗಾಲ ಕಳೆದ ಮೇಲೆ ಇದರ ಮರಿಗಳು ಬೆಳೆದು, ನವೆಂಬರ್–ಡಿಸೆಂಬರ್‌ನಿಂದ ಮೇ ತನಕ ನೆಲದ ಒಣ ಎಲೆಗಳಲ್ಲಿ ತುಂಬಿರುತ್ತವೆ. ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಈ ಎಳೆಯ ಉಣುಗೇ ಹೆಚ್ಚಾಗಿ ಮನುಷ್ಯರನ್ನು ಕಚ್ಚುತ್ತದೆ. ಮಳೆ ಜೋರಾದ ಮೇಲೆ ಕಾಯಿಲೆ ಕಡಿಮೆಯಾಗುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಜಿಗಣೆ, ಜಾರುವ ದಾರಿ, ಇದ್ದಕ್ಕಿದ್ದಂತೆ ಏರುವ ಹೊಳೆ ಇರುತ್ತವೆ.

ಉಳಿಯುವುದು ಅಕ್ಟೋಬರ್ ತಿಂಗಳ ದಸರಾ ರಜೆ. ಕುಟುಂಬಕ್ಕೆ ಇದೇ ಹೆಚ್ಚು ಸುರಕ್ಷಿತ ಅವಧಿ. ಮಳೆ ತಗ್ಗಿರುತ್ತದೆ, ಕಾಡು ಹಸಿರಾಗಿರುತ್ತದೆ, ಒಣ ಎಲೆ ಕಡಿಮೆ, ಮಂಗನ ಕಾಯಿಲೆಯ ಕಾಲ ಇನ್ನೂ ಶುರುವಾಗಿರುವುದಿಲ್ಲ. ಜಲಾಶಯ ತುಂಬಿರುವುದರಿಂದ ನೀರಿನಂಚಿನಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ಈದ್‌ಗೆ ಹೊಂದಿಸಿ ಹೋಗುವವರು ಒಂದು ಮಾತು ನೆನಪಿಡಬೇಕು. ಚಾಂದ್ರಮಾನದ ಲೆಕ್ಕದಲ್ಲಿ ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2026ರಲ್ಲಿ ಈದುಲ್ ಫಿತ್ರ್ ಮಾರ್ಚ್‌ನಲ್ಲಿ, ಬಕ್ರೀದ್ ಮೇ ಕೊನೆಯಲ್ಲಿ ಬರುತ್ತವೆ. ಎರಡೂ ಉಣುಗಿನ ಕಾಲವೇ. ಆಗ ಹೋಗುವುದಾದರೆ ಕಾಡಿನೊಳಗೆ ಅಡ್ಡಾಡುವುದನ್ನು ಬಿಟ್ಟು ದೋಣಿ ಮತ್ತು ಜೀಪಿನ ಸಫಾರಿಗೆ ತೃಪ್ತರಾಗಿ.

ಉಣುಗಿನಿಂದ ರಕ್ಷಣೆ

ಪಿಕ್ನಿಕ್‌ನಲ್ಲಿ ನಾವು ಮೊದಲು ಮಾಡುವ ಕೆಲಸವೇ ಮರದ ನೆರಳಿನ ಒಣ ಎಲೆಗಳ ಮೇಲೆ ಚಾಪೆ ಹಾಸುವುದು. ಉಣುಗಿಗೆ ಬೇಕಾದದ್ದೂ ಅದೇ. ಊಟಕ್ಕೂ ನಮಾಝ್‌ಗೂ ಎಲೆ ಇಲ್ಲದ ಬಯಲು, ಕಲ್ಲು ನೆಲ ಅಥವಾ ತಂಗುದಾಣದ ಜಗಲಿಯನ್ನು ಆರಿಸಿ. ಸುಜೂದ್‌ನಲ್ಲಿ ಮುಖ, ಕೈ, ಮಂಡಿ ನೆಲಕ್ಕೆ ತಾಗುವುದರಿಂದ ಜಾನಮಾಝ್ ಕೆಳಗೆ ಅಗಲವಾದ, ತಿಳಿ ಬಣ್ಣದ ಟಾರ್ಪಾಲಿನ್ ಹಾಸಿ. ಮಡಚುವ ಮೊದಲು ಚೆನ್ನಾಗಿ ಕೊಡವಿ.

ಉಡುಪು ತಿಳಿ ಬಣ್ಣದ್ದಿರಲಿ, ತೋಳು ಪೂರ್ತಿ ಇರಲಿ. ಪ್ಯಾಂಟ್ ಅಥವಾ ಶಲ್ವಾರಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಮುಚ್ಚಿದ ಶೂ ಹಾಕಿ. ಕಪ್ಪು ಬುರ್ಖಾದ ಮೇಲೆ ಉಣುಗು ಕಾಣುವುದಿಲ್ಲ, ನೆಲ ಗುಡಿಸುವ ಅಂಚು ಅದನ್ನು ಹೊತ್ತು ತರುತ್ತದೆ. ಕಾಡಿನ ದಾರಿಗೆ ಪಾದದ ಗಂಟಿನ ತನಕ ಮಾತ್ರ ಬರುವ ತಿಳಿ ಬಣ್ಣದ ಮೇಲುಡುಪು ಒಳ್ಳೆಯದು. ಮಲೆನಾಡಿನ ಆರೋಗ್ಯ ಕೇಂದ್ರಗಳು ಕಾಡಿಗೆ ಹೋಗುವವರಿಗೆ ಡೀಪಾ ತೈಲವನ್ನು ಹಂಚುತ್ತವೆ. ಅದು ಸಿಕ್ಕರೆ ಸೂಚನೆಯಂತೆ ಕೈಕಾಲಿಗೆ ಹಚ್ಚಿಕೊಳ್ಳಿ. ಮಕ್ಕಳ ಅಂಗೈ, ಕಣ್ಣು, ಬಾಯಿ ಹತ್ತಿರ ಹಚ್ಚಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಿ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ.

ಸಂಜೆ ಬಿಸಿ ನೀರು, ಸೋಪಿನಿಂದ ಸ್ನಾನ ಮಾಡಿ ಮೈ ಪರೀಕ್ಷಿಸಿಕೊಳ್ಳಿ. ಕೂದಲ ಅಂಚು, ಕಿವಿಯ ಹಿಂಭಾಗ, ಕಂಕುಳು, ಸೊಂಟದ ಲಾಡಿಯ ಜಾಗ, ತೊಡೆಸಂದು, ಮಂಡಿಯ ಹಿಂಭಾಗವನ್ನು ಬಿಡಬೇಡಿ. ಮಕ್ಕಳನ್ನು ದೊಡ್ಡವರೇ ನೋಡಬೇಕು. ಕಚ್ಚಿಕೊಂಡ ಉಣುಗು ಕಂಡರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಬೀಡಿ ಕಿಡಿ, ಸೀಮೆಎಣ್ಣೆ, ಸುಣ್ಣ ಯಾವುದೂ ಬೇಡ. ಬೆರಳಲ್ಲಿ ಹಿಸುಕಬೇಡಿ. ನಂತರ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ.

ನೀರಿನಂಚಿನಲ್ಲಿ

ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಇದು ಕಣಿವೆಯನ್ನು ಮುಳುಗಿಸಿ ಆದ ಜಲಾಶಯ. ಹಾಗಾಗಿ ದಡದ ಕೆಳಗೆ ಸಮತಟ್ಟಾದ ನೆಲ ಇರುತ್ತದೆಂದು ಹೇಳಲಾಗದು. ಎರಡು ಹೆಜ್ಜೆ ಮೊಣಕಾಲುದ್ದ ನೀರಿದ್ದು ಮೂರನೆಯ ಹೆಜ್ಜೆಗೆ ಆಳ ಸಿಗಬಹುದು. ಬೇಸಿಗೆಯಲ್ಲಿ ನೀರು ಇಳಿದಾಗ ತೇಲುವ ಹೂಳು ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಹುಗಿಯುತ್ತದೆ. ಮುಳುಗಿದ ಮರದ ಬೊಡ್ಡೆಗಳೂ ಇರುತ್ತವೆ. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ನೀರು ಬಿಟ್ಟಾಗ ಮಟ್ಟ ನಿಮಿಷಗಳಲ್ಲಿ ಏರುತ್ತದೆ. ಗಾಜನೂರಿನ ಅಣೆಕಟ್ಟು ಚಿಕ್ಕದು. ಮಳೆಗಾಲದಲ್ಲಿ ಬೇಗ ತುಂಬಿ ಗೇಟು ತೆರೆಯುತ್ತಾರೆ. ಆದ್ದರಿಂದ ಜಲಾಶಯದಲ್ಲಿ ಈಜು ಬೇಡವೇ ಬೇಡ. ಈಜು ಬಲ್ಲವರಿಗೂ ಇದು ಅನ್ವಯಿಸುತ್ತದೆ.

ಐದು ವರ್ಷದೊಳಗಿನ ಮಗು ನೀರಿನ ಹತ್ತಿರ ಇರುವಷ್ಟು ಹೊತ್ತು ಒಬ್ಬ ದೊಡ್ಡವರ ಕೈಗೆಟುಕುವ ದೂರದಲ್ಲೇ ಇರಬೇಕು. ಹತ್ತು ಜನರ ಗುಂಪಿನಲ್ಲಿ ‘ಯಾರೋ ನೋಡುತ್ತಿದ್ದಾರೆ’ ಎಂದು ಎಲ್ಲರೂ ಭಾವಿಸುತ್ತಾರೆ. ಹಾಗಾಗದಂತೆ ಹೊರಡುವ ಮೊದಲೇ ಪಾಳಿ ಹಂಚಿ: ಅರ್ಧ ಗಂಟೆ ಒಬ್ಬರು, ಆ ಹೊತ್ತು ಅವರ ಕೈಯಲ್ಲಿ ಮೊಬೈಲ್ ಇರಬಾರದು. ದೋಣಿಯಲ್ಲಿ ಪ್ರತಿಯೊಬ್ಬರೂ ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ಧರಿಸಬೇಕು. ಬುರ್ಖಾ ಧರಿಸಿದವರು ಅದರ ಮೇಲೆ ಜಾಕೆಟ್ ಹಾಕಿ ಪಟ್ಟಿ ಬಿಗಿಯಬೇಕು. ಮಗುವಿಗೆ ಸರಿಯಾದ ಜಾಕೆಟ್ ಇಲ್ಲದಿದ್ದರೆ ಆ ದೋಣಿ ಬಿಟ್ಟುಬಿಡಿ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಿಂದೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಮೂವರು ಹೋದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ದಡದಲ್ಲಿ ಮಲಗಿ ದುಪಟ್ಟಾ, ಕೋಲು, ಹಗ್ಗ ಚಾಚಿ. ಇಲ್ಲವೇ ಬಿಗಿಯಾಗಿ ಮುಚ್ಚಿದ ಖಾಲಿ ನೀರಿನ ಕ್ಯಾನ್ ಎಸೆಯಿರಿ. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗಾಗಿ ತಿರುಗಿಸುವುದು ಮಾಡಬೇಡಿ. ಅದರಿಂದ ಅಮೂಲ್ಯ ಸಮಯ ಹಾಳು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಮೂಗು ಮುಚ್ಚಿ ಬಾಯಿಗೆ ಎರಡು ಬಾರಿ ಉಸಿರು ಊದಿ. ನಂತರ ಎದೆಯ ಮಧ್ಯಭಾಗವನ್ನು 30 ಬಾರಿ ವೇಗವಾಗಿ ಒತ್ತಿ, ಮತ್ತೆ ಎರಡು ಬಾರಿ ಊದಿ. ನೆರವು ಬರುವ ತನಕ ಇದನ್ನು ನಿಲ್ಲಿಸಬೇಡಿ. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಫಜ್ರ್‌ಗೆ ಎದ್ದವರು ವುಝೂ ಮಾಡಲೆಂದು ಒಬ್ಬರೇ ಕತ್ತಲಲ್ಲಿ ದಡಕ್ಕೆ ಇಳಿಯಬಾರದು. ಆ ಹೊತ್ತು ಆನೆಗಳು ನೀರಿನ ಬಳಿ ಇರಬಹುದು, ದಾರಿಯಲ್ಲಿ ಹಾವಿರಬಹುದು. ಹಿಂದಿನ ರಾತ್ರಿಯೇ ಬಕೆಟ್ ತುಂಬಿಸಿಟ್ಟುಕೊಳ್ಳಿ.

ಕುಡಿಯಲು ಮತ್ತು ವುಝೂಗೆ ನೀರು

ಸ್ವಚ್ಛವಾಗಿ ಕಾಣುವ ಹಿನ್ನೀರು ಕುಡಿಯಲು ಯೋಗ್ಯವಲ್ಲ. ಐದು ಜನರ ಕುಟುಂಬಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ ಸುಮಾರು 25 ಲೀಟರ್ ಎಂದು ಲೆಕ್ಕ ಹಾಕಿ ಮನೆಯಿಂದಲೇ ಒಯ್ಯಿರಿ. ಸಾಲದೆ ಬಂದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ. ಕ್ಲೋರಿನ್ ಮಾತ್ರೆ ಬಳಸುವುದಾದರೆ ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಕಾಯಿರಿ.

ವುಝೂ ವೇಳೆ ಬಾಯಿ ಮುಕ್ಕಳಿಸಲು, ಮೂಗಿಗೆ ನೀರೆಳೆಯಲು ಕೂಡ ಕುದಿಸಿ ಆರಿಸಿದ ನೀರನ್ನೇ ಬಳಸುವುದು ಒಳ್ಳೆಯದು. ಬೆಚ್ಚಗಿನ, ನಿಂತ ಸಿಹಿನೀರಿನಲ್ಲಿ ಬದುಕುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಸೇರಬಲ್ಲದು. ಇದು ತೀರಾ ಅಪರೂಪ, ಆದರೆ ತಗಲಿದವರು ಬದುಕುಳಿಯುವುದು ಕಷ್ಟ. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಬರುವ ಮೆದುಳು ಜ್ವರ ಹಲವರಲ್ಲಿ ಕಾಣಿಸಿತು. ಕರಾಚಿಯಲ್ಲಿ ಎಂದೂ ಈಜದವರಿಗೂ ಇದು ಬಂದಾಗ, ವುಝೂ ವೇಳೆ ಮೂಗಿಗೆಳೆದ ಅಶುದ್ಧ ನೀರಿನ ಕಡೆಗೆ ವೈದ್ಯರು ಬೆರಳು ತೋರಿಸಿದರು. ನೀರು ಕುಡಿದರೆ ಈ ಸೋಂಕು ಬರುವುದಿಲ್ಲ, ಮೂಗಿಗೆ ಹೋದರೆ ಮಾತ್ರ. ಒಬ್ಬರಿಗೆ ಒಂದು ಸಣ್ಣ ಬಾಟಲಿ ಶುದ್ಧ ನೀರಿದ್ದರೆ ಚಿಂತೆ ಮುಗಿಯಿತು. ಕೈಕಾಲುಗಳಿಗೆ ತಂಗುದಾಣದ ನಲ್ಲಿ ನೀರು ಸಾಕು. ಕಾಲಿನಲ್ಲಿ ಗಾಯವಿದ್ದವರು ಕೆಸರು ನೀರಿಗೆ ಇಳಿಯಬಾರದು. ಇಲಿ ಜ್ವರದ ರೋಗಾಣು ಅಂಥ ಗಾಯಗಳಿಂದಲೇ ದೇಹ ಸೇರುತ್ತದೆ.

ಊಟ

ಬೆಳಗ್ಗೆ ಐದಕ್ಕೆ ದಮ್ ಇಳಿಸಿ, ಮುಚ್ಚಳ ಬಿಗಿದು, ಮಧ್ಯಾಹ್ನ ಎರಡಕ್ಕೆ ತೆರೆದು ತಿನ್ನುವ ಬಿರಿಯಾನಿಯಿಂದಲೇ ಎಷ್ಟೋ ಪ್ರವಾಸಗಳು ಹಾಳಾಗಿವೆ. ಬೆಂದ ಅನ್ನ, ಮಾಂಸ ಉಗುರುಬೆಚ್ಚಗೆ ಉಳಿದರೆ ರೋಗಾಣುಗಳು ಬೇಗ ಹೆಚ್ಚುತ್ತವೆ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ರೋಗಾಣು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ ಆಹಾರ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು, ಬೇಸಿಗೆಯ ಸುಡುಬಿಸಿಲಿನಲ್ಲಿ ಒಂದೇ ಗಂಟೆ. ಹಾಗಾಗಿ ಬಿರಿಯಾನಿಯನ್ನು ಮರಳಿದ ಮೇಲೆ ಮನೆಯಲ್ಲಿ ಮಾಡಿ. ದಾರಿಗೆ ರೊಟ್ಟಿ, ಒಣ ಚಟ್ನಿ, ಸಿಪ್ಪೆಸಹಿತ ಬೇಯಿಸಿದ ಮೊಟ್ಟೆ, ಖರ್ಜೂರ, ಬಾಳೆಹಣ್ಣು, ಹುರಿದ ಶೇಂಗಾ, ಅವಲಕ್ಕಿ ಇರಲಿ. ಅಡುಗೆಗೆ ಅನುಮತಿ ಇರುವ ಕಡೆ ಮಾಂಸ ಒಯ್ಯುವುದಾದರೆ ಹಿಂದಿನ ರಾತ್ರಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಐಸ್ ತುಂಬಿದ ಪೆಟ್ಟಿಗೆಯ ತಳದಲ್ಲಿಟ್ಟು, ತಲುಪಿದ ದಿನವೇ ಬೇಯಿಸಿ ಮುಗಿಸಿ.

ಶೌಚ ಮತ್ತು ಕಸ

ನಿಂತ ನೀರಿನಲ್ಲಿ ಮೂತ್ರ ಮಾಡಬಾರದು, ಜನ ನಡೆಯುವ ದಾರಿಯನ್ನೂ ಕೂರುವ ನೆರಳನ್ನೂ ಹೊಲಸು ಮಾಡಬಾರದು ಎಂಬುದು ಪ್ರವಾದಿಯವರ(ಸ) ಸ್ಪಷ್ಟ ಬೋಧನೆ. ಇಲ್ಲಿ ಅದಕ್ಕೊಂದು ಸ್ಥಳೀಯ ಅರ್ಥವೂ ಇದೆ. ಲಕ್ಕವಳ್ಳಿಯಿಂದ ಇಳಿದ ಭದ್ರೆಯೇ ಭದ್ರಾವತಿಯ ನಲ್ಲಿಗೆ ಬರುತ್ತದೆ, ಗಾಜನೂರಿನಿಂದ ಇಳಿದ ತುಂಗೆಯೇ ಶಿವಮೊಗ್ಗದ ನಲ್ಲಿಗೆ. ದಡದಲ್ಲಿ ಬಿಟ್ಟದ್ದು ನಮ್ಮ ಮನೆಗೇ ಮರಳುತ್ತದೆ.

ತಂಗುದಾಣದ ಶೌಚಾಲಯವನ್ನೇ ಬಳಸಿ. ಖಾಸಗಿ ತೋಟದ ಕ್ಯಾಂಪ್‌ನಲ್ಲಿ ಅದಿಲ್ಲದ ಕಡೆ ನೀರಿನಿಂದ ಕನಿಷ್ಠ 200 ಅಡಿ ದೂರದಲ್ಲಿ ಒಂದು ಗೇಣು ಆಳ ತೋಡಿ, ನಂತರ ಮಣ್ಣು ಮುಚ್ಚಿ. ಮುಜುಗರದಿಂದ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುವುದುಂಟು. ಇದರಿಂದ ಮೂತ್ರದ ಸೋಂಕು, ತಲೆನೋವು, ನಿರ್ಜಲೀಕರಣ ಶುರುವಾಗುತ್ತದೆ. ಮರೆಗೆ ಒಂದು ಹಳೆಯ ಬೆಡ್‌ಶೀಟ್, ಹಗ್ಗ, ಒಂದು ಲೋಟಾ ಇಟ್ಟುಕೊಂಡರೆ ಈ ತೊಂದರೆ ಇಲ್ಲ. ಪ್ಯಾಡ್, ಡೈಪರ್, ಪ್ಲಾಸ್ಟಿಕ್ ಎಲ್ಲವೂ ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಮನೆಗೆ ಮರಳಲಿ.

ಔಷಧ ಪೆಟ್ಟಿಗೆ

ದಿನನಿತ್ಯದ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಇನ್ಸುಲಿನ್, ಆಸ್ತಮಾ ಪಂಪ್ ಮರೆಯಬೇಡಿ. ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜ್, ಚಿಮುಟ, ಸೋಪು, ಥರ್ಮಾಮೀಟರ್, ಟಾರ್ಚ್ ಸೇರಿಸಿ. ಓಆರ್‌ಎಸ್ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಲಕ್ಕವಳ್ಳಿಯಿಂದ ಹೊರಟರೆ ಭದ್ರಾವತಿಯ ತಾಲೂಕು ಆಸ್ಪತ್ರೆ, ಮುಂದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇವೆ. ಈ ದಾರಿಯನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳಿ. ಎಲ್ಲಿ ತಂಗುತ್ತೀರಿ, ಯಾವಾಗ ಮರಳುತ್ತೀರಿ ಎಂಬುದನ್ನು ಬರೆದು ಮನೆಯಲ್ಲಿ ಉಳಿದವರ ಕೈಗೆ ಕೊಡಿ.

ಮರಳಿದ ಮೇಲೆ ಎರಡು ವಾರ

ಬಟ್ಟೆಗಳನ್ನು ಮನೆಯೊಳಗೆ ರಾಶಿ ಹಾಕದೆ ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮನೆಗೆ ಬಂದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಸಾಮಾನ್ಯವಾಗಿ ಮಂಗನ ಕಾಯಿಲೆಯ ಜ್ವರ ಕಾಣಿಸುತ್ತದೆ. ಇದ್ದಕ್ಕಿದ್ದಂತೆ ತೀವ್ರ ಜ್ವರ, ಹಣೆಯ ಭಾಗದಲ್ಲಿ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ಅಸಾಧ್ಯ ನೋವು, ಕಣ್ಣು ಕೆಂಪಾಗುವುದು, ವಾಂತಿ ಇದರ ಲಕ್ಷಣಗಳು. ಕೆಲವರಲ್ಲಿ ಮೂಗು, ಒಸಡಿನಿಂದ ರಕ್ತ ಬರುತ್ತದೆ. ಇನ್ನು ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ನಂತರ ಮರುಕಳಿಸಿ ಮೆದುಳನ್ನು ಬಾಧಿಸುತ್ತದೆ. ಈ ರೋಗ ತಗಲಿದ ನೂರು ಜನರಲ್ಲಿ ಮೂರರಿಂದ ಐವರು ಸಾಯುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ನಿಲ್ಲಿಸಲಾಗಿದೆ, ಹೊಸ ಲಸಿಕೆ ಪ್ರಯೋಗದ ಹಂತದಲ್ಲಿದೆ. ನೇರ ಔಷಧವೂ ಇಲ್ಲ. ಬೇಗ ಗುರುತಿಸಿ ಆಸ್ಪತ್ರೆಯಲ್ಲಿ ಆರೈಕೆ ಪಡೆದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯ ಆರೈಕೆಗೆ ಮನೆಯವರು ಹೆದರಬೇಕಿಲ್ಲ.

ಆದ್ದರಿಂದ ಎರಡು ವಾರದೊಳಗೆ ಯಾರಿಗೇ ಜ್ವರ ಬಂದರೂ ವೈದ್ಯರ ಬಳಿ ಮೊದಲ ಮಾತಾಗಿ ‘ನಾವು ಇಂಥ ದಿನ ಕಾಡಿನ ದಡದಲ್ಲಿ ತಂಗಿದ್ದೆವು’ ಎಂದು ಹೇಳಿ. ನಗರದ ಕ್ಲಿನಿಕ್‌ನಲ್ಲಿ ಕೂತ ವೈದ್ಯರಿಗೆ ಇದು ತಿಳಿಯದಿದ್ದರೆ ಸಾಮಾನ್ಯ ವೈರಲ್ ಜ್ವರವೆಂದು ಮಾತ್ರೆ ಕೊಟ್ಟು ಕಳಿಸಬಹುದು. ತಿಳಿದರೆ ರಕ್ತದ ಮಾದರಿ ಶಿವಮೊಗ್ಗದಲ್ಲೇ ಇರುವ ವೈರಾಣು ಪತ್ತೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿಯ ತನಕ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು, ಅವನ್ನು ಸ್ವಂತವಾಗಿ ನುಂಗಬೇಡಿ.

ಇಷ್ಟೆಲ್ಲ ಓದಿ ಮನೆಯಲ್ಲೇ ಕೂರಬೇಕೆಂದಿಲ್ಲ. ಇದರಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ. ರಜೆಯ ತಿಂಗಳನ್ನು ಬದಲಿಸುವುದು, ಬುಕ್ ಮಾಡುವಾಗ ನಾಲ್ಕು ಪ್ರಶ್ನೆ ಕೇಳುವುದು, ಕ್ಯಾನುಗಳಲ್ಲಿ ನೀರು ತುಂಬಿಸುವುದು, ನೀರಿನಂಚಿನ ಪಾಳಿ ಹಂಚುವುದು ಯಾರಿಗೂ ಸಾಧ್ಯ. ಹೊರಡುವ ಹಿಂದಿನ ಸಂಜೆ ಮಕ್ಕಳನ್ನೂ ಕೂರಿಸಿಕೊಂಡು ಈ ಪಟ್ಟಿಯನ್ನು ಓದಿ, ಒಬ್ಬೊಬ್ಬರಿಗೆ ಒಂದೊಂದು ಕೆಲಸ ಒಪ್ಪಿಸಿ. ಟಾರ್ಪಾಲಿನ್ ಕೊಡವುವುದು ಒಬ್ಬ ಮಗನ ಕೆಲಸ, ನೀರಿನ ಬಾಟಲಿ ಲೆಕ್ಕ ಒಬ್ಬ ಮಗಳದ್ದು, ಕಸದ ಚೀಲ ಇನ್ನೊಬ್ಬರದ್ದು. ಇನ್ಶಾ ಅಲ್ಲಾಹ್, ಹೋದವರೆಲ್ಲರೂ ಹೋದ ಹಾಗೆಯೇ ಆರೋಗ್ಯವಾಗಿ ಮರಳುತ್ತೀರಿ.